ಆರುನೂರ ಹನ್ನೆರಡರ ಸರಿತೂಕ

ಲೀಲ್ಯಾಂಡ್ ಸ್ಟ್ರಾಡರನಿಗೆ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ. ತನ್ನ ಕಣ್ಣಿನ ಮೇಲೆ ಇತ್ತು. ಊರಿನವರ ಕಣ್ಣಿನ ಮೇಲೆ ಇರಲಿಲ್ಲ.

ಇಂಡಿಯಾನಾದ ದಕ್ಷಿಣದಲ್ಲಿ, ನದಿಗೆ ಹತ್ತಿರದ ಆ ಕೌಂಟಿಗೆ ಅವನು ಅಳತೆ-ತೂಕದ ಇನ್‌ಸ್ಪೆಕ್ಟರ್. ಪೆಟ್ರೋಲ್ ಬಂಕಿನ ಪಂಪು, ಮಾಂಸದಂಗಡಿಯ ತಕ್ಕಡಿ, ಜೋಳದ ಲಾರಿ ತೂಗುವ ಕಟ್ಟೆ, ಎಲ್ಲವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿ ನೀಲಿ ಚೀಟಿ ಅಂಟಿಸುವುದು ಅವನ ಕೆಲಸ. ಆ ಕೆಲಸ ಅವನಿಗೆ ಕಲಿಸಿದ್ದು ಒಂದೇ ಪಾಠ. ತಕ್ಕಡಿ ಯಾವಾಗಲೂ ಅಂಗಡಿಯವನ ಕಡೆಗೇ ವಾಲುತ್ತದೆ. ಗಿರಾಕಿಯ ಕಡೆಗೆ ತಪ್ಪಿದ ತಕ್ಕಡಿಯನ್ನು ಅವನು ಮೂವತ್ತೆರಡು ವರ್ಷಗಳಲ್ಲಿ ಎರಡೇ ಸಲ ಕಂಡಿದ್ದ. ಎರಡೂ ಕಡೆ ಅಂಗಡಿಯವನು ಅದನ್ನು ಮೊದಲೇ ಗಮನಿಸಿ, ಹೊಸದಕ್ಕೆ ಹೇಳಿಯಾಗಿತ್ತು.

ಚಳಿಗಾಲದಲ್ಲಿ ಅವನಿಗೆ ಇನ್ನೊಂದು ತಕ್ಕಡಿ. ಊರಿನ ಬ್ರೆಂಟನ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಪ್ರತಿಯೊಂದು ಪಂದ್ಯವನ್ನೂ ಅವನು ಹನ್ನೊಂದನೇ ಸಾಲಿನ ತುದಿಯ ಸೀಟಿನಲ್ಲಿ ಕುಳಿತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಪೆನ್ಸಿಲಿನಲ್ಲಿ ತಾನೇ ಲೆಕ್ಕ ಹಾಕುತ್ತಿದ್ದ. ಕಾಲೇಜಿನವರು ಹೊರಡಿಸುವ ಲೆಕ್ಕ ಅವನಿಗೆ ಬೇಕಿರಲಿಲ್ಲ. ಪಂದ್ಯಕ್ಕೆ ಮುಂಚೆ ಎರಡು ಪುಟದ ಒಂದು ಹಾಳೆ ಬರೆದು, ಐವತ್ತು ಪ್ರತಿ ತೆಗೆದು, ಬಾಗಿಲಲ್ಲಿ ಇಡುತ್ತಿದ್ದ. ಹಾಳೆಯ ಹೆಸರು 'ಸರಿತೂಕ'. ಇಪ್ಪತ್ತಾರು ವರ್ಷಗಳಿಂದ ಅದು ನಡೆದುಕೊಂಡು ಬಂದಿತ್ತು. ಓದಿದವರು ಬೈಯುತ್ತಿದ್ದರು, ಓದದವರು ಅದರ ಮೇಲೆ ಸಾಸ್ ಹಚ್ಚಿದ ಸ್ಯಾಂಡ್‌ವಿಚ್ ಇಟ್ಟುಕೊಳ್ಳುತ್ತಿದ್ದರು. ಲೀಲ್ಯಾಂಡನಿಗೆ ಇಬ್ಬರ ಮೇಲೂ ಒಂದೇ ಪ್ರಮಾಣದ ತಿರಸ್ಕಾರ.

ಆ ಮಾರ್ಚಿನ ಮೊದಲ ಸೋಮವಾರ, ಸುತ್ತಲಿನ ಕಾಲೇಜುಗಳ ಕೂಟವಾದ ಕಾನ್ಫರೆನ್ಸಿನ ಟೂರ್ನಿಗೆ ಇನ್ನು ಮೂರು ದಿನ ಇರುವಾಗ, ಡಾಟ್‌ಳ ಹೋಟೆಲಿನ ಉದ್ದ ಮೇಜಿನಲ್ಲಿ ಎಂದಿನ ಐದಾರು ಜನ ಕಾಫಿ ಹಿಡಿದುಕೊಂಡು ಸೆಂಟರ್ ಆಟಗಾರ ಗ್ರೇಡಿ ಮೆಕ್‌ನಟ್‌ನನ್ನು ಹೊಗಳುತ್ತಿದ್ದರು. ಎಂಥ ಛಲ, ಗೆಲುವು ಅವನಿಗೆ ಉಳಿದವರಿಗಿಂತ ಹೆಚ್ಚು ಬೇಕು, ಮುಖ ನೋಡಿದರೇ ಗೊತ್ತಾಗುತ್ತದೆ ಎಂದು. ಲೀಲ್ಯಾಂಡ್ ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡ. ಮುಖ ನೋಡಿ ತೂಕ ಹೇಳುವವರು ಜಾತ್ರೆಯಲ್ಲೂ ಇರುತ್ತಾರೆ, ಅವರಿಗೆ ಕನಿಷ್ಠ ನಾಚಿಕೆಯಾದರೂ ಇರುತ್ತದೆ ಎಂದುಕೊಂಡ. ಆ ವಾರದ ಹಾಳೆಯಲ್ಲಿ ಅವನು ಆಗಲೇ ಬರೆದಿದ್ದ: 'ಮೆಕ್‌ನಟ್. ಆರಡಿ ಒಂಬತ್ತು ಅಂಗುಲ. ಪಂದ್ಯಕ್ಕೆ ನಾಲ್ಕು ರೀಬೌಂಡ್. ಅದೇ ಜಾಗದಲ್ಲಿ ಒಂದು ಏಣಿ ನಿಲ್ಲಿಸಿದ್ದರೂ ಬುಟ್ಟಿ ತಪ್ಪಿದ ಮೂರು ಚೆಂಡು ಅದಕ್ಕೆ ಬಡಿದು ಕೈಗೆ ಬರುತ್ತಿದ್ದವು.' ಅದರ ಕೆಳಗೆ ಎದುರಾಳಿ ತಂಡದ ಹೆಸರಾಂತ ಗುರಿಕಾರನ ಬಗ್ಗೆ: 'ಗುರಿ ಮುಟ್ಟಿದ್ದು ಮೊದಲರ್ಧದಲ್ಲಿ ಶೇಕಡ ನಲವತ್ತನಾಲ್ಕು, ಕೊನೆಯ ಐದು ನಿಮಿಷದಲ್ಲಿ ಹತ್ತೊಂಬತ್ತು. ಇವನನ್ನು ಕೊನೆಗಳಿಗೆಯ ವೀರ ಎಂದು ಕೂಗುವ ರೇಡಿಯೋದವರಿಗೆ ಯಾರಾದರೂ ಒಂದು ಗಡಿಯಾರ ಕೊಡಿಸಿ.' ಟೂರ್ನಿಯ ಬಗ್ಗೆ: 'ನಾಲ್ಕು ತಿಂಗಳು ಚೆನ್ನಾಗಿ ಆಡಿದ ತಂಡವನ್ನು ಮೂರು ದಿನ ಚೆನ್ನಾಗಿ ಆಡಿದ ತಂಡ ಮನೆಗೆ ಕಳಿಸುವ ಏರ್ಪಾಡಿಗೆ ಕಾನ್ಫರೆನ್ಸ್ ಟೂರ್ನಿ ಎಂದು ಹೆಸರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸ್ಥಾನದ ತಂಡ ಗೆದ್ದದ್ದು ಒಂಬತ್ತು ಸಲ. ಲಾಟರಿಗೆ ಇದಕ್ಕಿಂತ ಮರ್ಯಾದೆ ಇದೆ.'

ಆದರೆ ಆ ವಾರ ಊರು ಮಾತಾಡುತ್ತಿದ್ದದ್ದು ಮೆಕ್‌ನಟ್‌ನ ಬಗ್ಗೆಯಾಗಲಿ ಟೂರ್ನಿಯ ಬಗ್ಗೆಯಾಗಲಿ ಅಲ್ಲ. ಒಂದು ಸಂಖ್ಯೆಯ ಬಗ್ಗೆ. ಆರುನೂರ ಹನ್ನೆರಡು.

ಒಬ್ಬ ಚೆಂಡು ಕೊಟ್ಟು, ತೆಗೆದುಕೊಂಡವನು ಆ ಕೂಡಲೇ ಬುಟ್ಟಿಗೆ ಹಾಕಿದರೆ, ಕೊಟ್ಟವನ ಹೆಸರಿಗೆ ಒಂದು ಅಸಿಸ್ಟ್. ನಾಲ್ಕು ವರ್ಷದ ಕಾಲೇಜು ಆಟದಲ್ಲಿ ಆರುನೂರ ಹನ್ನೆರಡು ಅಸಿಸ್ಟ್ ಗಳಿಸಿ ಕಾನ್ಫರೆನ್ಸಿನ ದಾಖಲೆ ಬರೆದವನು ಲೀಲ್ಯಾಂಡನ ಸ್ವಂತ ತಮ್ಮ ಡೇಲ್. ಅದು ಮೂವತ್ತೆರಡು ವರ್ಷದ ಹಿಂದಿನ ಮಾತು. ಡೇಲ್ ಅಂದಿನಿಂದ ಬೇರೇನನ್ನೂ ಮಾಡಿರಲಿಲ್ಲ ಎಂದರೆ ತಪ್ಪಾಗುತ್ತದೆ; ಟೈರಿನ ಅಂಗಡಿ ನಡೆಸುತ್ತಿದ್ದ, ಮದುವೆಯಾಗಿದ್ದ, ಅದು ಮುರಿದಿತ್ತು. ಆದರೆ ಅಂಗಡಿಯ ಬೋರ್ಡಿನ ಮೇಲೆ ಹೆಸರಿಗಿಂತ ದೊಡ್ಡದಾಗಿ 612 ಎಂದಿತ್ತು. ಫೋನ್ ನಂಬರಿನ ಕೊನೆಗೂ ಅದೇ. ಚರ್ಚಿನಲ್ಲಿ ಹೊಸಬರಿಗೆ ಅವನನ್ನು ಪರಿಚಯಿಸುವಾಗ ಪಾದ್ರಿಯೂ ಆ ಸಂಖ್ಯೆಯನ್ನು ಬಿಡುತ್ತಿರಲಿಲ್ಲ. ಈಗ ಕ್ವಿಂಟನ್ ಬೇಲ್ಸ್ ಎಂಬ, ಬ್ರೆಂಟನ್ನಿನಲ್ಲೇ ಕೊನೆಯ ವರ್ಷದಲ್ಲಿದ್ದ ಗಾರ್ಡ್, ಅಂದರೆ ಚೆಂಡು ನಡೆಸುವ ಆಟಗಾರ, ಆರುನೂರ ನಾಲ್ಕಕ್ಕೆ ಬಂದು ನಿಂತಿದ್ದ. ಟೂರ್ನಿಯ ಆಟವೂ ಲೆಕ್ಕಕ್ಕೆ ಸೇರುತ್ತದೆ. ಇನ್ನು ಒಂಬತ್ತು ಅಸಿಸ್ಟ್ ಆದರೆ ಡೇಲ್‌ನ ಬೋರ್ಡು ಸುಳ್ಳಾಗುತ್ತಿತ್ತು.

ಮಧ್ಯಾಹ್ನ ಲೀಲ್ಯಾಂಡ್ ಹೆದ್ದಾರಿ ಬದಿಯ ಬಂಕಿನಲ್ಲಿ ಐದು ಗ್ಯಾಲನ್ನಿನ ಅಳತೆ ಡಬ್ಬಿಗೆ ಪೆಟ್ರೋಲ್ ತುಂಬಿಸಿ, ಅದರ ಕತ್ತಿನ ಗೆರೆಗೆ ಕಣ್ಣು ಸಮ ಮಾಡಿ ಬಗ್ಗಿದ್ದಾಗ ಡೇಲ್‌ನ ಗಾಡಿ ಬಂದು ಪಕ್ಕಕ್ಕೆ ನಿಂತಿತು. ಡೇಲ್ ಇಳಿಯಲಿಲ್ಲ. ಗಾಜು ಇಳಿಸಿ ಕಾದ. ಅಣ್ಣ ಗೆರೆ ಓದುವಾಗ ಮಾತಾಡಿಸಬಾರದು ಎಂದು ಅವನಿಗೆ ಗೊತ್ತಿತ್ತು. ಲೀಲ್ಯಾಂಡ್ ಅಂಕಿ ಬರೆದುಕೊಂಡ ಮೇಲೆ ಡೇಲ್ ಹೇಳಿದ.

"ಆ ವೆಂಡೆಲ್ ಆಪ್ ಏನು ಮಾಡ್ತಿದಾನೆ ಅಂತ ನಿಂಗೊತ್ತು."

ಲೀಲ್ಯಾಂಡ್ ಡಬ್ಬಿಯನ್ನು ಬಂಕಿನ ತೊಟ್ಟಿಗೆ ವಾಪಸು ಸುರಿದ.

"ಊರಿನ ಆಟದಲ್ಲಿ ಆ ಹುಡುಗ ಸೀನಿದ್ರೂ ಅಸಿಸ್ಟ್ ಕೊಡ್ತಾನೆ ಲೀ. ಚೆಂಡು ತಗೊಂಡೋನು ಹೋಗಿ ಮನೇಲಿ ಊಟ ಮಾಡ್ಕೊಂಡ್ ಬಂದು ಹಾಕಿದ್ರೂ ಅಸಿಸ್ಟೇ. ನಿನ್ನ ಹಾಳೇಲಿ ಯಾಕ್ ಬರೀಲಿಲ್ಲ ನೀನು? ಊರೋರ ಜುಟ್ಟೆಲ್ಲ ಹಿಡಿದು ಎಳೀತೀಯ, ಅವನದೊಂದು ಬಿಟ್ಟು."

ಅದು ನಿಜವಾಗಿತ್ತು. ವೆಂಡೆಲ್ ಆಪ್ ಊರಿನ ಹೈಸ್ಕೂಲಿನಲ್ಲಿ ಬ್ಯಾಂಡ್ ಕಲಿಸಿ ನಿವೃತ್ತನಾದವನು. ಬ್ರೆಂಟನ್ನಿನ ಅಂಗಳದಲ್ಲಿ ಪಂದ್ಯ ನಡೆದಾಗ ಅಂಕಣದ ಪಕ್ಕದ ಮೇಜಿನಲ್ಲಿ ಬೋ ಟೈ ಕಟ್ಟಿಕೊಂಡು ಕುಳಿತು ಯಾವುದು ಅಸಿಸ್ಟ್, ಯಾವುದು ಅಲ್ಲ ಎಂದು ತೀರ್ಮಾನ ಹೇಳುವವನು. ಶನಿವಾರ ಶನಿವಾರ ಲೀಲ್ಯಾಂಡನ ಜತೆ ಡಾಟ್‌ಳ ಹೋಟೆಲಿನಲ್ಲಿ, ಬನ್ನಿನಿಂದ ಎರಡು ಕಡೆಯೂ ಹೊರಗೆ ಚಾಚಿಕೊಂಡ ಹಂದಿಮಾಂಸದ ಸ್ಯಾಂಡ್‌ವಿಚ್ ತಿನ್ನುವ ಒಬ್ಬನೇ ಮನುಷ್ಯ. ಕ್ವಿಂಟನ್ ಊರಿನಲ್ಲಿ ಆಡಿದಾಗ ಪಂದ್ಯಕ್ಕೆ ಏಳು ಚಿಲ್ಲರೆ ಅಸಿಸ್ಟ್, ಹೊರಗೆ ಆಡಿದಾಗ ಮೂರೂವರೆ. ಸ್ವಂತ ಹಾಸಿಗೆ, ಸ್ವಂತ ಜನ, ಅದಕ್ಕೆಂದು ಒಂದು ಹೆಚ್ಚು ಎನ್ನೋಣ. ನಾಲ್ಕಲ್ಲ. ಲೀಲ್ಯಾಂಡ್ ಇದನ್ನು ಎರಡು ವರ್ಷದಿಂದ ಬಲ್ಲ. ಕೌಂಟಿಯ ಎಲ್ಲ ತಕ್ಕಡಿಗಳಿಗೂ ಚೀಟಿ ಅಂಟಿಸಿದವನು ಗೆಳೆಯನ ತಕ್ಕಡಿಯ ಮುಂದೆ ಮಾತ್ರ ಸುಮ್ಮನೆ ಹಾದು ಹೋಗುತ್ತಿದ್ದ. ಇದ್ದ ಒಬ್ಬನೇ ಗೆಳೆಯ.

"ನಾನೇನು ಸುಳ್ಳು ಬರಿ ಅಂತಿಲ್ಲ," ಎಂದ ಡೇಲ್. "ಇದ್ದಿದ್ದು ಬರಿ. ನಂದು ಅಂತ ಇರೋದು ಅದೊಂದೇ ಕಣೋ."

ಕೊನೆಯ ಮಾತನ್ನು ಅವನು ಮುಂದಿನ ಗಾಜಿನ ಕಡೆ ಮುಖ ಮಾಡಿ ಹೇಳಿದ. ಲೀಲ್ಯಾಂಡ್ ಪಂಪಿಗೆ ನೀಲಿ ಚೀಟಿ ಅಂಟಿಸಿ, ಹೆಬ್ಬೆರಳಿನಿಂದ ಉಜ್ಜಿ, ಬರೆಯುತ್ತೇನೆ ಎಂದ.

ಬರೆಯಲು ಕುಳಿತ ಮೇಲೆ ಅವನಿಗೆ ಒಂದು ಬಗೆಯ ಖುಷಿಯೇ ಆಯಿತು. ಸತ್ಯ ಹೇಳುವಾಗ ಅವನ ಕೈಗೆ ಯಾವಾಗಲೂ ಒಂದು ಹದ ಬರುತ್ತಿತ್ತು. 'ಕೈತೂಕ' ಎಂದು ತಲೆಬರಹ ಕೊಟ್ಟ. 'ನಮ್ಮ ಮೇಜಿನ ಮುಂದೆ ಚೆಂಡಿಗೆ ರೆಕ್ಕೆ ಬರುತ್ತದೆ, ಪಕ್ಕದ ಊರಿನಲ್ಲಿ ಉದುರುತ್ತದೆ' ಎಂಬ ಸಾಲು ತಾನಾಗಿ ಬಂತು. ಕ್ವಿಂಟನ್‌ನ ಒಟ್ಟು ಲೆಕ್ಕವನ್ನು ಊರಿನದು, ಹೊರಗಿನದು ಎಂದು ಒಡೆದು, ಎಲ್ಲ ಪಂದ್ಯಗಳನ್ನೂ ಹೊರಗಿನ ದರದಲ್ಲೇ ತೂಗಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದ. ಆರುನೂರ ನಾಲ್ಕು ಕರಗಿ ಮುನ್ನೂರ ತೊಂಬತ್ತೆಂಟಕ್ಕೆ ಇಳಿಯಿತು. ಎದುರಿಗೆ ಡೇಲ್‌ನ ಸಾಲು ಬರೆಯಬೇಕಿತ್ತು. ಡೇಲ್‌ನ ಊರು-ಹೊರಗಿನ ವಿಂಗಡಣೆ ಎಲ್ಲಿಯೂ ಅಚ್ಚಾಗಿರಲಿಲ್ಲ. ಹಾಗಾಗಿ ಮಂಗಳವಾರ ಕೆಲಸ ಮುಗಿಸಿ ನೇರ ಕಾಲೇಜಿನ ಗ್ರಂಥಾಲಯದ ನೆಲಮಾಳಿಗೆಗೆ ಹೋದ. ಕಾನ್ಫರೆನ್ಸಿನ ಹಳೆಯ ಲೆಕ್ಕದ ಹಾಳೆಗಳೆಲ್ಲ ಅಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿದ್ದವು.

ಆ ನಾಲ್ಕು ವರ್ಷಗಳ ಪೆಟ್ಟಿಗೆ ತೆರೆದಾಗ ಅವನು ಮೊದಲು ಕಂಡದ್ದು ತನ್ನದೇ ಅಕ್ಷರ.

ಅದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ನಾಲ್ಕು ವರ್ಷ ಆ ಮೇಜಿನಲ್ಲಿ ಕುಳಿತು ತೀರ್ಮಾನ ಹೇಳಿ, ಕೈಯಾರೆ ಬರೆದವನು ಅವನೇ. ಆಗ ಗಣಿತದ ವಿದ್ಯಾರ್ಥಿ, ಕೊನೆಯ ವರ್ಷದ ಹೊತ್ತಿಗೆ ಕೌಂಟಿಯ ಕೆಲಸಕ್ಕೆ ಸೇರಿದ್ದ. ಡೇಲ್ ಕಾಲೇಜು ಮುಗಿಸಿದ ವರ್ಷವೇ ಅವನು ಮೇಜು ಬಿಟ್ಟು, ಹನ್ನೊಂದನೇ ಸಾಲಿಗೆ ಹೋಗಿ ಕುಳಿತದ್ದು. ಬಿಟ್ಟದ್ದಕ್ಕೆ ಆಗ ಏನೋ ಕಾರಣ ಹೇಳಿದ್ದ. ಈಗ ಆ ಕಾರಣ ನೆನಪಾಗಲಿಲ್ಲ.

ನಿಂತುಕೊಂಡೇ ಕೂಡಿಸಿದ. ಊರಿನಲ್ಲಿ ಐವತ್ತೆಂಟು ಪಂದ್ಯ, ನಾನೂರ ಇಪ್ಪತ್ತೊಂಬತ್ತು. ಹೊರಗೆ ಐವತ್ತನಾಲ್ಕು ಪಂದ್ಯ, ನೂರ ಎಂಬತ್ತಮೂರು. ಪಂದ್ಯಕ್ಕೆ ಏಳೂ ಕಾಲಿಗಿಂತ ಹೆಚ್ಚು. ಪಂದ್ಯಕ್ಕೆ ಮೂರೂವರೆಗಿಂತ ಕಡಿಮೆ. ಮತ್ತೊಮ್ಮೆ ಕುಳಿತುಕೊಂಡು ಕೂಡಿಸಿದ. ಅಷ್ಟೇ ಬಂತು.

ಸುಳ್ಳು ಬರೆದದ್ದು ಅವನಿಗೆ ನೆನಪಿರಲಿಲ್ಲ. ಅದೇ ಅವನನ್ನು ಬಹಳ ಹೊತ್ತು ಆ ಕುರ್ಚಿಯಲ್ಲಿ ಕೂರಿಸಿದ್ದು. ಬೇಕೆಂದು ಬರೆದಿದ್ದರೆ ಆ ಗಳಿಗೆ ಎಲ್ಲಾದರೂ ಉಳಿದಿರಬೇಕಿತ್ತು, ಪೆನ್ಸಿಲ್ ತಡೆದ ಗುರುತಾದರೂ. ಹಾಳೆಗಳ ಮೇಲೆ ಎಲ್ಲೂ ಅಳಿಸಿದ ಕಲೆ ಇರಲಿಲ್ಲ.

ಗ್ರಂಥಾಲಯದವರು ಹಳೆಯ ಪಂದ್ಯಗಳ ಟೇಪುಗಳನ್ನು ಕಂಪ್ಯೂಟರಿಗೆ ಹಾಕಿಸಿದ್ದರು. ತಮ್ಮನ ಹೆಸರಿಗೆ ಎಲ್ಲಕ್ಕಿಂತ ಹೆಚ್ಚು ಬರೆದಿದ್ದ ಒಂದು ಫೆಬ್ರವರಿಯ ಪಂದ್ಯವನ್ನು ಅವನು ಆರಿಸಿದ. ಆ ದಿನ ಡೇಲ್‌ಗೆ ಹದಿಮೂರು ಅಸಿಸ್ಟ್ ಎಂದು ಅವನೇ ಬರೆದ ಹಾಳೆ ಪಕ್ಕದಲ್ಲಿಟ್ಟುಕೊಂಡು, ಹೊಸ ಹಾಳೆಯಲ್ಲಿ ಲೆಕ್ಕ ಹಾಕಿದ. ಪರದೆಯ ಮೇಲೆ ಡೇಲ್ ತೆಳ್ಳಗೆ, ಗಿಡ್ಡ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ. ಮೂಲೆಯಲ್ಲಿದ್ದವನಿಗೆ ಚೆಂಡು ಕೊಟ್ಟ. ತೆಗೆದುಕೊಂಡವನು ಮೂರು ಸಲ ಪುಟಿಸಿ, ಭುಜ ಅಲ್ಲಾಡಿಸಿ ಎದುರಿನವನನ್ನು ಹಾರಿಸಿ, ಎಡಕ್ಕೆ ಸರಿದು ಹಾಕಿದ. ಹಳೆಯ ಹಾಳೆಯಲ್ಲಿ ಅಸಿಸ್ಟ್. ಡೇಲ್ ಒಬ್ಬನಿಗೆ ಕೊಟ್ಟ, ಅವನು ಇನ್ನೊಬ್ಬನಿಗೆ ಕೊಟ್ಟ, ಆ ಇನ್ನೊಬ್ಬ ಹಾಕಿದ. ಅದೂ ಅಸಿಸ್ಟ್, ಡೇಲ್‌ಗೇ. ಪಂದ್ಯ ಮುಗಿದಾಗ ಹೊಸ ಹಾಳೆಯಲ್ಲಿ ಏಳು. ತಾನು ಈಗ ಸಿಟ್ಟಿನಲ್ಲಿ ಬಿಗಿ ಮಾಡಿರಬಹುದು ಎನಿಸಿ ಮತ್ತೆ ಮೊದಲಿನಿಂದ ನೋಡಿದ. ಆರು.

ಅದೇ ಪೆಟ್ಟಿಗೆಯ ತಳದಲ್ಲಿ ಸೇಂಟ್ ಬ್ರೆಂಡನ್ ಕಾಲೇಜಿನ ಹಾಳೆಗಳಿದ್ದವು. ಅಲ್ಲಿ ಲೆಕ್ಕ ಬರೆಯುತ್ತಿದ್ದವಳು ಸಿಸ್ಟರ್ ಪರ್ಪೆಚುವಾ ಎಂಬ ಸನ್ಯಾಸಿನಿ. ಅವಳ ಜಿಪುಣತನ ಆಗ ಕಾನ್ಫರೆನ್ಸಿಗೆಲ್ಲ ತಮಾಷೆ. ತನ್ನ ಕಾಲೇಜಿನ ಹುಡುಗರಿಗೂ ಕೊಡುತ್ತಿರಲಿಲ್ಲ. ಈ ಮುದುಕಿಗೆ ಯಾರಾದರೂ ಕನ್ನಡಕ ಮಾಡಿಸಿಕೊಡಿ ಎಂದು ಲೀಲ್ಯಾಂಡ್ ಮೇಜಿನಲ್ಲಿ ಕುಳಿತು ನಗಿಸುತ್ತಿದ್ದ. ಅವಳ ಗಾರ್ಡ್ ರೇ ಡುಮೊಂಟ್ ನಾಲ್ಕು ವರ್ಷದಲ್ಲಿ ಗಳಿಸಿದ್ದು ನಾನೂರ ಐವತ್ತೈದು, ಯಾರಿಗೂ ನೆನಪಿಲ್ಲದ ಸಂಖ್ಯೆ. ಲೀಲ್ಯಾಂಡ್ ಅವನನ್ನೂ ಹೊರಗಿನ ದರದಲ್ಲಿ ತೂಗಿದ. ನಾನೂರ ಎಂಬತ್ತನಾಲ್ಕು. ಡೇಲ್‌ನದು ಮುನ್ನೂರ ಎಂಬತ್ತು. ಕೌಂಟಿಯಲ್ಲಿ ಎರಡೇ ಸಲ ಕಂಡಿದ್ದ, ಗಿರಾಕಿಯ ಕಡೆಗೆ ತಪ್ಪಿದ ತಕ್ಕಡಿಗಳಲ್ಲಿ ಮೂರನೆಯದು ಇಲ್ಲಿತ್ತು, ಮೂವತ್ತು ವರ್ಷ ಅವನ ನಗೆಯ ಕೆಳಗೆ.

ಬುಧವಾರ ಅವನು ವೆಂಡೆಲ್‌ನ ಮನೆಗೆ ಹೋದ. ವೆಂಡೆಲ್ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕ್ಲಾರಿನೆಟ್ಟಿನ ತುಂಡುಗಳನ್ನು ಹರಡಿಕೊಂಡು ಒರೆಸುತ್ತಿದ್ದ. ಪರ್ಸಿಮನ್ ಹಣ್ಣಿನ ಪುಡಿಂಗಿನ ತಟ್ಟೆಯನ್ನು ಗೆಳೆಯನ ಕಡೆಗೆ ತಳ್ಳಿದ. ಲೀಲ್ಯಾಂಡ್ ತಿನ್ನಲಿಲ್ಲ. ಕ್ವಿಂಟನ್‌ನ ಎರಡು ಸಂಖ್ಯೆಗಳನ್ನು ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟ. ವೆಂಡೆಲ್ ಕನ್ನಡಕ ಏರಿಸಿ ನೋಡಿದ. ಬೇಜಾರಾದಂತೆ ಕಾಣಲಿಲ್ಲ.

"ಯಾವತ್ತು ತರ್ತೀಯ ಅಂತ ಕಾಯ್ತಿದ್ದೆ," ಎಂದ. "ಎರಡು ವರ್ಷ ಆಯ್ತಲ್ವಾ?"

ವೆಂಡೆಲ್ ಕ್ಲಾರಿನೆಟ್ಟಿನ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿದ.

"ನಾನು ಕಾಣದೇ ಇದ್ದಿದ್ದು ಬರೆದಿಲ್ಲ ಲೀ. ಕಂಡಿದ್ದೇ ಬರೆದಿರೋದು. ಆ ಹುಡುಗ ಚೆಂಡು ಕೊಟ್ಟಾಗ ನಂಗೆ ಹಾಗೇ ಕಾಣತ್ತೆ." ಒರೆಸುವ ಬಟ್ಟೆಯನ್ನು ಮಡಿಸಿದ. "ನಿನ್ ಪಕ್ಕ ಒಂದು ವರ್ಷ ಕೂತು ಕಲಿತಿದ್ದು ನಾನು. ಡೇಲ್ ಕೊನೇ ವರ್ಷ. ಹೇಗ್ ನೋಡ್ಬೇಕು ಅಂತ ನೀನೇ ತೋರಿಸಿದ್ದು."

ಲೀಲ್ಯಾಂಡ್ ಜೇಬಿಗೆ ಕೈ ಹಾಕಿದ. ಜೇಬಿನಲ್ಲಿ ಡೇಲ್‌ನ ಸಂಖ್ಯೆಗಳ ಚೀಟಿ ಇತ್ತು. ಅದನ್ನು ತೆಗೆಯುವ ಅಗತ್ಯ ಕಾಣಲಿಲ್ಲ. ವೆಂಡೆಲ್‌ಗೆ ಗೊತ್ತಿತ್ತು, ಮೂವತ್ತೆರಡು ವರ್ಷದಿಂದ ಗೊತ್ತಿತ್ತು, ಶನಿವಾರ ಶನಿವಾರ ಎದುರಿಗೆ ಕುಳಿತು ಸಾಸಿವೆ ಸಾಸ್ ಹಚ್ಚಿಕೊಳ್ಳುತ್ತ ಅವನ ಹಾಳೆಗೆ ನಗುತ್ತಿದ್ದ. ಅಷ್ಟು ವರ್ಷ ತಾನು ಗೆಳೆಯನಿಗೆ ತೋರಿಸುತ್ತಿದ್ದೇನೆ ಎಂದುಕೊಂಡ ದಾಕ್ಷಿಣ್ಯ ನಿಜವಾಗಿ ಮೇಜಿನ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು.

ಮನೆಗೆ ಬಂದು ಅವನು ಹಾಳೆ ಹರಿಯಲಿಲ್ಲ. ಸುಮ್ಮನಿರುವುದು ಸುಲಭವಿತ್ತು. ಹೊರಗಿನ ಅಂಕಣದಲ್ಲಿ ಕ್ವಿಂಟನ್ ಎಷ್ಟು ಗಳಿಸುತ್ತಾನೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಎರಡು ಪಂದ್ಯಕ್ಕೆ ಏಳು. ಆರುನೂರ ಹನ್ನೊಂದು. ಮೂರನೆಯ ದಿನದವರೆಗೆ ಉಳಿಯುವ ತಂಡ ಅದಲ್ಲ. ಏನೂ ಬರೆಯದಿದ್ದರೂ ಡೇಲ್‌ನ ಬೋರ್ಡು ಹಾಗೇ ಉಳಿಯುತ್ತಿತ್ತು. ಆದರೆ ಇಪ್ಪತ್ತಾರು ವರ್ಷ ಊರಿನ ಮುಖಕ್ಕೆ ಉಗಿದವನು ಈ ಒಂದು ವಾರ ಗಂಟಲು ಕೆಟ್ಟಿದೆ ಎನ್ನುವುದು ಹೇಗೆ? ಅವನು ಪಟ್ಟಿಗೆ ಇನ್ನೆರಡು ಸಾಲು ಸೇರಿಸಿದ. ಡುಮೊಂಟ್, ಸೇಂಟ್ ಬ್ರೆಂಡನ್, 484. ಬೇಲ್ಸ್, ಬ್ರೆಂಟನ್, 398. ಸ್ಟ್ರಾಡರ್, ಬ್ರೆಂಟನ್, 380. ಪ್ರತಿ ಸಾಲಿನ ಮುಂದೆ ತಕ್ಕಡಿ ಹಿಡಿದವರ ಹೆಸರು. ಕೊನೆಯ ಸಾಲಿನ ಮುಂದೆ ಲೀಲ್ಯಾಂಡ್ ಸ್ಟ್ರಾಡರ್ ಎಂದು ಪೂರ್ತಿ ಬರೆದ. ಕೆಳಗೆ ಒಂದೇ ವಾಕ್ಯ: 'ಇವನ ಮಾತನ್ನು ಇಪ್ಪತ್ತಾರು ವರ್ಷ ನಂಬಿದವರು ಡಾಟ್‌ಳ ಹೋಟೆಲಿನ ಉದ್ದ ಮೇಜಿನವರ ಕ್ಷಮೆ ಕೇಳಿ.'

ಟೂರ್ನಿ ನಡೆಯುತ್ತಿದ್ದದ್ದು ನದಿಯ ಆಚೆಯ ಪಟ್ಟಣದ ಒಳಾಂಗಣದಲ್ಲಿ, ಯಾವ ಕಾಲೇಜಿನದೂ ಅಲ್ಲದ ಅಂಕಣದಲ್ಲಿ. ಅಲ್ಲಿಯ ಮೇಜಿನಲ್ಲಿ ಕಾನ್ಫರೆನ್ಸಿನವರು ಬೇರೆ ರಾಜ್ಯದಿಂದ ಕರೆಸಿದ ಮೂವರು ಕುಳಿತಿದ್ದರು. ಅವರಿಗೆ ಯಾರ ಮುಖವೂ ಗೊತ್ತಿಲ್ಲ, ಬರಿಯ ಅಂಗಿಯ ನಂಬರು. ಗುರುವಾರ ಮಧ್ಯಾಹ್ನ ಬಾಗಿಲಲ್ಲಿ ಲೀಲ್ಯಾಂಡ್ ಹಾಳೆಗಳ ಕಟ್ಟು ಹಿಡಿದು ನಿಂತಿದ್ದಾಗ ಡೇಲ್ ಬಂದ. ಕಾಲೇಜಿನ ಹಳೆಯ ಜಾಕೆಟ್ ಹಾಕಿದ್ದ, ಜಿಪ್ ಮೇಲೇರುತ್ತಿರಲಿಲ್ಲ. ಮೊದಲ ಪುಟದ 'ಕೈತೂಕ' ಎಂಬ ತಲೆಬರಹ ಕಂಡದ್ದೇ ತಡ, ಕಟ್ಟನ್ನು ಕೈಯಿಂದ ಕಿತ್ತುಕೊಂಡ.

"ಓದು ಮೊದ್ಲು," ಎಂದ ಲೀಲ್ಯಾಂಡ್.

"ನಿನ್ ಲೆಕ್ಕ ಓದ್ಬೇಕಾ ನಾನು? ಇಪ್ಪತ್ತಾರು ವರ್ಷದಿಂದ ಒಂದೂ ಓದಿಲ್ಲ, ಒಂದು ಸಲನೂ ತಪ್ಪಾಗಿಲ್ಲ." ಡೇಲ್ ಗ್ಯಾಲರಿಯ ಮೆಟ್ಟಿಲು ಹತ್ತತೊಡಗಿದ.

ಇನ್ನೊಂದು ಸಲ ಹೇಳಬಹುದಿತ್ತು. ಲೀಲ್ಯಾಂಡ್ ಹೇಳಲಿಲ್ಲ. ತಮ್ಮ ಸಾಲು ಸಾಲಾಗಿ ಬಗ್ಗಿ, ಕೈ ಕುಲುಕಿ, ಬೆನ್ನು ತಟ್ಟಿಸಿಕೊಂಡು, ಎರಡನೇ ಪುಟದ ಕೊನೆಯ ಸಾಲಿನಲ್ಲಿ ತನ್ನ ಹೆಸರಿರುವ ಹಾಳೆಯನ್ನು ತನ್ನ ಕೈಯಿಂದಲೇ ಸುಮಾರು ಐವತ್ತು ಜನಕ್ಕೆ ಹಂಚುವುದನ್ನು ಹನ್ನೊಂದನೇ ಸಾಲಿನಿಂದ ನೋಡಿದ. ಒಂದನ್ನು ರೇಡಿಯೋದವನಿಗೂ ಕೊಟ್ಟ.

ಮೊದಲರ್ಧ ಮುಗಿದು ವಿರಾಮವಾದಾಗ ರೇಡಿಯೋದವನು ಅದನ್ನು ಗಾಳಿಗೆ ಓದಿದ. ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡು ಪಂದ್ಯ ನೋಡುವ ಮುದುಕರು ಆ ಊರಿನಲ್ಲಿ ಬೇಕಾದಷ್ಟಿದ್ದರು. ಒಬ್ಬ ಮುದುಕ ಪಕ್ಕದಲ್ಲಿದ್ದ ಡೇಲ್‌ನ ತೋಳು ಮುಟ್ಟಿ ಏನೋ ಹೇಳಿದ. ಡೇಲ್ ಕೈಯಲ್ಲಿ ಉಳಿದಿದ್ದ ಒಂದು ಹಾಳೆಯನ್ನು ತಿರುಗಿಸಿ ಓದಿದ. ಅಲ್ಲಿಂದ ಅಣ್ಣನ ಕಡೆ ನೋಡಲಿಲ್ಲ. ಎರಡನೆಯ ಅರ್ಧ ಶುರುವಾದಾಗ ಅವನ ಸೀಟು ಖಾಲಿ ಇತ್ತು. ಬ್ರೆಂಟನ್ ಆ ಪಂದ್ಯ ಗೆದ್ದಿತು. ಕ್ವಿಂಟನ್‌ಗೆ ಮೂರು ಅಸಿಸ್ಟ್. ಆರುನೂರ ಏಳು.

ಶುಕ್ರವಾರದ ಸೆಮಿಫೈನಲ್ಲಿಗೆ ಬರುವ ಹೊತ್ತಿಗೆ ಊರು ಹಾಳೆಯನ್ನು ಜೀರ್ಣಿಸಿಕೊಂಡಾಗಿತ್ತು. ಉದ್ದ ಮೇಜಿನವರಿಗೆ ಕ್ಷಮೆ ಕೇಳಬೇಕಾದವರು ಯಾರು ಎಂಬುದೇ ತಿಳಿದಿರಲಿಲ್ಲ. ಒಟ್ಟಿನಲ್ಲಿ ತಮ್ಮ ಹೆಸರು ಬಂದಿದೆ ಎಂದು ಖುಷಿಯಾಗಿದ್ದರು. ಅವರಲ್ಲೊಬ್ಬ ಲೀಲ್ಯಾಂಡನಿಗೆ, ಹೋಗಲಿ ಬಿಡು, ನಿನ್ನ ತಮ್ಮನಿಗೆ ಛಲ ಇತ್ತು ಎಂದು ಸಮಾಧಾನ ಹೇಳಿದ. ರೇಡಿಯೋದವನು ರೇ ಡುಮೊಂಟ್‌ನನ್ನು ಪತ್ತೆ ಹಚ್ಚಿ ಫೋನ್ ಮಾಡಿದ್ದನಂತೆ. ಪಕ್ಕದ ಕೌಂಟಿಯಲ್ಲಿ ಶಾಲೆಯ ಬಸ್ ಓಡಿಸುವ ಡುಮೊಂಟ್ ಎಲ್ಲ ಕೇಳಿಸಿಕೊಂಡು, ಇದಕ್ಕೆ ನಾನೇನಾದರೂ ಸಹಿ ಹಾಕಬೇಕಾ ಎಂದು ಕೇಳಿದನಂತೆ. ನಿಜದ ತೂಕಕ್ಕೆ ಇರುವ ಗಿರಾಕಿಗಳು ಇಷ್ಟೇ ಎಂದುಕೊಂಡು ಲೀಲ್ಯಾಂಡ್ ಹಲಗೆಯ ಮೇಲೆ ಹೊಸ ಹಾಳೆ ಸಿಕ್ಕಿಸಿದ.

ಎರಡನೆಯ ಅರ್ಧದಲ್ಲಿ ಬ್ರೆಂಟನ್ ಹಿಂದೆ ಬಿತ್ತು. ಆಟ ಮುಗಿಯಲು ನಾಲ್ಕು ನಿಮಿಷ ಇರುವಾಗ ಯಾರೋ ಪಕ್ಕದಲ್ಲಿ ಕುಳಿತರು. ಲೀಲ್ಯಾಂಡ್ ತಿರುಗಲಿಲ್ಲ. ಟೈರಿನ ರಬ್ಬರಿನ ವಾಸನೆ ಸಾಕಾಗಿತ್ತು. ಡೇಲ್ ಮಂಡಿಯ ಮೇಲೆ ಕೈಯಿಟ್ಟು ಆಟ ನೋಡಿದ. ಕ್ವಿಂಟನ್ ಆ ದಿನದ ನಾಲ್ಕನೆಯದನ್ನು ಕೊಟ್ಟ, ತೆಗೆದುಕೊಂಡವನು ತಡಮಾಡದೆ ಹಾಕಿದ. ಧ್ವನಿವರ್ಧಕ ಆರುನೂರ ಹನ್ನೊಂದು ಎಂದಿತು. ಬ್ರೆಂಟನ್ನಿನ ಕಡೆಯವರು ಎದ್ದು ನಿಂತರು. ಪಂದ್ಯ ಕೈಬಿಟ್ಟಿತ್ತು, ದಾಖಲೆ ಸರಿಗಟ್ಟಲು ಇನ್ನು ಉಳಿದದ್ದು ಆ ಒಂದೇ.

ಕೊನೆಯ ನಿಮಿಷದಲ್ಲಿ ಕ್ವಿಂಟನ್ ಇಬ್ಬರ ನಡುವೆ ತೂರಿ ಬುಟ್ಟಿಯ ಬದಿಯಲ್ಲಿದ್ದ ಮೆಕ್‌ನಟ್‌ಗೆ ಕೊಟ್ಟ. ಮೆಕ್‌ನಟ್ ಹಿಡಿದ. ಒಂದು ಸಲ ಪುಟಿಸಿದ, ಬೆನ್ನು ತಿರುಗಿಸಿದ, ಹಾಕಿದ. ಚೆಂಡು ರಿಂಗಿನ ಮೇಲೆ ಕುಳಿತು ಒಳಗೆ ಬಿತ್ತು.

ಜನ ಮೇಜಿನ ಕಡೆ ನೋಡಿದರು. ಮೇಜಿನಲ್ಲಿದ್ದ ಮೂವರು ತಲೆ ಎತ್ತಲಿಲ್ಲ. ನಾಲ್ಕು ಸಾಲು ಕೆಳಗೆ ಬೋ ಟೈ ಕಟ್ಟಿದ ವೆಂಡೆಲ್ ಕುಳಿತಿದ್ದ. ಅವನ ಬಲಗೈ ತಾನಾಗಿ ಒಂದು ಬೆರಳು ಎತ್ತಿ ಮತ್ತೆ ತೊಡೆಯ ಮೇಲೆ ಇಳಿಯಿತು.

"ಅದು ಅಸಿಸ್ಟಾ?" ಎಂದ ಡೇಲ್.

ಒಂದು ಸಲ ಪುಟಿಸಿದ್ದು. ತಿರುಗಿದ್ದು ತಡವೋ ಅಲ್ಲವೋ. ಕೊಟ್ಟ ಚೆಂಡು ಅವನನ್ನು ಅಲ್ಲಿಗೆ ತಂದಿತೋ, ಅವನೇ ಅಲ್ಲಿದ್ದನೋ. ಲೀಲ್ಯಾಂಡನ ಕಣ್ಣಿಗೆ ಅದು ಅಸಿಸ್ಟ್ ಆಗಿ ಕಂಡಿತು. ಮರುಗಳಿಗೆ, ಪಕ್ಕದಲ್ಲಿ ತಮ್ಮ ಉಸಿರು ಬಿಗಿ ಹಿಡಿದದ್ದು ಕೇಳಿದಾಗ, ಅಲ್ಲದಂತೆಯೂ ಕಂಡಿತು. ಪೆನ್ಸಿಲ್ ಚೌಕದ ಮೇಲೆ ನಿಂತಿತ್ತು.

"ಗೊತ್ತಿಲ್ಲ," ಎಂದ.

ಡೇಲ್ ತಿರುಗಿ ಅವನ ಮುಖ ನೋಡಿದ. ಆ ಬಾಯಿಂದ ಆ ಮಾತು ಅವನು ಕೇಳಿದ್ದು ಅದೇ ಮೊದಲು.

ಮೇಜು ಕೊಡಲಿಲ್ಲ. ಬ್ರೆಂಟನ್ ಒಂಬತ್ತು ಅಂಕಗಳಿಂದ ಸೋತಿತು. ಧ್ವನಿವರ್ಧಕ ಕ್ವಿಂಟನ್ ಬೇಲ್ಸ್‌ನ ಸಾಧನೆಗೆ ಅಭಿನಂದನೆ ಹೇಳಿ, ಕಾನ್ಫರೆನ್ಸ್ ದಾಖಲೆ ಇನ್ನೂ ಡೇಲ್ ಸ್ಟ್ರಾಡರನ ಹೆಸರಲ್ಲೇ ಇದೆ, ಆರುನೂರ ಹನ್ನೆರಡು ಎಂದು ಘೋಷಿಸಿತು. ಕೆಲವರು ಚಪ್ಪಾಳೆ ತಟ್ಟಿದರು, ಅರ್ಧಕ್ಕೆ ಹಾಳೆ ನೆನಪಾಗಿ ನಿಲ್ಲಿಸಿದರು. ಜನ ಕೋಟು ಹಾಕಿಕೊಂಡು ಇಳಿಯತೊಡಗಿದರು. ಅಣ್ಣತಮ್ಮ ಇಬ್ಬರೂ ಏಳಲಿಲ್ಲ.

"ಆ ಫೆಬ್ರವರಿದು," ಎಂದ ಡೇಲ್. "ಹದಿಮೂರು ಕೊಟ್ಟಿದ್ದೆಯಲ್ಲ. ಅಪ್ಪ ಬಂದಿದ್ರು ಅವತ್ತು. ಅದನ್ನ ನೋಡಿದ್ಯಾ?"

"ನೋಡಿದೆ."

"ಎಷ್ಟು ಸರಿ ಇತ್ತು?"

"ಏಳು." ಲೀಲ್ಯಾಂಡ್ ಪೆನ್ಸಿಲನ್ನು ಜೇಬಿಗೆ ಹಾಕಿದ. "ಎರಡನೇ ಸಲ ಎಣಿಸಿದಾಗ ಆರು."

ಡೇಲ್ ತಲೆಯಾಡಿಸಿದ. ಜಾಕೆಟ್ಟಿನ ಒಳಗಿಂದ ನಿನ್ನೆಯ ಹಾಳೆ ತೆಗೆದು, ನಾಲ್ಕು ಮಡಿಕೆ ಮಡಿಸಿ, ಅಣ್ಣನ ಹಲಗೆಯ ಮೇಲೆ, ಖಾಲಿ ಬಿಟ್ಟಿದ್ದ ಚೌಕದ ಮೇಲೆಯೇ ಇಟ್ಟ.

"ಮೂರನೇ ಸಲ ಎಣಿಸ್ಬೇಡ," ಎಂದ.